ಒದ್ದೆ ಕಾರ್ಪೆಟ್ ಕೆಳಗೆ ಇಸಿಎಂ ಸಿಕ್ಕಿದ ಕಥೆ

ಜುಲೈ ಮಳೆ ಹಿಡಿದು ನಾಲ್ಕನೇ ದಿನ ದೊಡ್ಡಪ್ಪನ ಫೋನ್ ಬಂತು. "ಸೆಲ್ಫ್ ಹೊಡೀತದೆ ಮಾರಾಯ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಮೇಸ್ತ್ರಿ ಬಂದು ನೋಡಿ, ಇಸಿಎಂ ಹೋಗಿದೆ ಅಂದ. ಬೆಂಗಳೂರಿಂದ ತರಿಸ್ಬೇಕಂತೆ, ಹದಿನೆಂಟು ಸಾವಿರವಂತೆ. ಏನ್ ಮಾಡ್ಲಿ?"

ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೇಸ್ತ್ರಿ ಆ ಪೆಟ್ಟಿಗೆ ಬಿಚ್ಚಿ ನೋಡಿದ್ರಾ?"

"ಇಲ್ಲ. ಅದು ಎಲ್ಲಿದೆ ಅಂತ ಅವನಿಗೂ ಗೊತ್ತಿಲ್ಲ."

ಎಲ್ಲಿದೆ ಅಂತಲೇ ಗೊತ್ತಿಲ್ಲದ ಪೆಟ್ಟಿಗೆ ಹಾಳಾಗಿದೆ ಅಂತ ಹೇಳೋದು ಹೇಗೆ? ನಾನು ಶಿವಮೊಗ್ಗದಲ್ಲಿ ಯುಪಿಎಸ್, ಇನ್‌ವರ್ಟರ್ ರಿಪೇರಿ ಮಾಡುವವನು. ನಮ್ಮ ಕೆಲಸದಲ್ಲೂ ಇದೇ ಗೋಳು. ತಪ್ಪು ಎಲ್ಲಿದೆ ಅಂತ ಸಿಗದಿದ್ದಾಗ ಎಲ್ಲರೂ ಬೋರ್ಡ್ ಮೇಲೆ ಹಾಕುತ್ತಾರೆ. ಶನಿವಾರ ಬೆಳಿಗ್ಗೆ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಒಂದು ಟಾರ್ಚ್ ಚೀಲಕ್ಕೆ ಹಾಕಿಕೊಂಡು ಸಾಗರದ ಬಸ್ ಹತ್ತಿದೆ.

ಕಾರು 2001ರ ಹೋಂಡಾ ಸಿಟಿ, 1.5 ಎಂಜಿನ್. ದೊಡ್ಡಪ್ಪ ಅದಕ್ಕೂ ಮುಂಚೆ ಓಡಿಸುತ್ತಿದ್ದದ್ದು ಕಾರ್ಬುರೇಟರ್ ಇರುವ ಮಾರುತಿ 800. ಅದರಲ್ಲಿ ಪೆಟ್ರೋಲನ್ನು ಕಂಪ್ಯೂಟರ್ ಅಳೆಯುತ್ತಿರಲಿಲ್ಲ. ಜೆಟ್‌ಗೆ ಗಾಳಿ ಊದಿ, ಪಾಯಿಂಟ್ ಉಜ್ಜಿ, ಪ್ಲಗ್ ಕ್ಲೀನ್ ಮಾಡಿದರೆ ಅರ್ಧ ರೋಗ ವಾಸಿಯಾಗುತ್ತಿತ್ತು. ಸಿಟಿಯಲ್ಲಿ ಹಾಗಲ್ಲ. ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಬೇಕು ಅನ್ನೋದನ್ನೆಲ್ಲ ಈ ಇಸಿಎಂ ತೀರ್ಮಾನ ಮಾಡುತ್ತೆ. ಕೆಲವರು ಇಸಿಯು ಅಂತಾರೆ, ಗ್ಯಾರೇಜಿನಲ್ಲಿ ಸುಮ್ನೆ ಕಂಪ್ಯೂಟರ್ ಅಂತಾರೆ. ಎಲ್ಲ ಒಂದೇ.

ಮನೆ ಮುಂದೆ ಹಲಸಿನ ಮರದ ಕೆಳಗೆ ಕಾರು ನಿಂತಿತ್ತು. ಮೈಮೇಲೆಲ್ಲ ಹಣ್ಣೆಲೆ. ಏನನ್ನೂ ಬಿಚ್ಚುವ ಮೊದಲು ಬರೀ ಕೀ ತಿರುಗಿಸಿ ನೋಡಿದೆ. ಈ ಕಾರಲ್ಲಿ ಕೀ ಆನ್ ಮಾಡಿದ ಕೂಡಲೇ ಎಂಜಿನ್ ಚಿತ್ರದ ಹಳದಿ ದೀಪ ಎರಡು ಸೆಕೆಂಡ್ ಹೊತ್ತಿ ಆರಬೇಕು. ಅದೇ ಹೊತ್ತಿಗೆ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ 'ಝುಂ' ಅನ್ನಬೇಕು, ಅದೂ ಎರಡೇ ಸೆಕೆಂಡ್. ಎರಡನ್ನೂ ಮಾಡಿಸುವುದು ಇಸಿಎಂ. ಬ್ಯಾಟರಿ ದೀಪ ಬಂತು, ಆಯಿಲ್ ದೀಪ ಬಂತು. ಹಳದಿ ದೀಪ ಬರಲಿಲ್ಲ. ದೊಡ್ಡಪ್ಪನನ್ನು ಹಿಂದಿನ ಸೀಟಲ್ಲಿ ಕೂರಿಸಿ ಕಿವಿ ಕೊಡಿ ಅಂದೆ. ಮಳೆ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

ಇದರಿಂದ ಒಂದು ವಿಷಯ ಗಟ್ಟಿಯಾಯಿತು. ಇಸಿಎಂ ಎಚ್ಚರವಾಗುತ್ತಿಲ್ಲ. ಅದು ಸತ್ತಿರಬಹುದು. ಅಥವಾ ಅದಕ್ಕೆ ಕರೆಂಟೋ ಅರ್ಥಿಂಗೋ ಸಿಗದೆ ಇರಬಹುದು. ಎರಡನೆಯದನ್ನು ನೋಡದೆ ಮೊದಲನೆಯದಕ್ಕೆ ದುಡ್ಡು ಸುರಿಯೋದು ತಪ್ಪು ಅಂತ ನನಗೆ ಅನಿಸಿತು. ಆದರೆ ನೋಡೋದಕ್ಕಾದರೂ ಪೆಟ್ಟಿಗೆ ಸಿಗಬೇಕಲ್ವಾ?

ನನ್ನ ಕಾರಲ್ಲಿ ಇಸಿಎಂ ಬ್ಯಾಟರಿ ಪಕ್ಕದಲ್ಲೇ ಇದೆ. ಅದೇ ನೆನಪಲ್ಲಿ ಬಾನೆಟ್ ಎತ್ತಿದೆ. ಬ್ಯಾಟರಿ ಸುತ್ತ ನೋಡಿದೆ, ಏರ್ ಫಿಲ್ಟರ್ ಡಬ್ಬದ ಹಿಂದೆ ಕೈ ಹಾಕಿದೆ. ಫ್ಯೂಸ್ ಪೆಟ್ಟಿಗೆ ಒಂದು ಸಿಕ್ಕಿತು, ಅಷ್ಟೇ. ಆಮೇಲೆ ಡ್ರೈವರ್ ಕಡೆ ಡ್ಯಾಶ್‌ಬೋರ್ಡ್ ಕೆಳಗೆ ಬೆನ್ನು ಕೊಟ್ಟು ಮಲಗಿ ಟಾರ್ಚ್ ಬಿಟ್ಟೆ. ಅಲ್ಲಿ ಒಂದು ಕರಿ ಪ್ಲಾಸ್ಟಿಕ್ ಡಬ್ಬ ಕಾಣಿಸಿತು. ಇದೇ ಇರಬೇಕು ಅಂತ ಬಿಚ್ಚಿದರೆ ಅದಕ್ಕೆ ಏಳೆಂಟು ವೈರ್ ಮಾತ್ರ. ಬಾಗಿಲಿನ ಲಾಕ್‌ದು. ಒಂದು ಗಂಟೆ ಅಲ್ಲೇ ಹೋಯಿತು.

ಆಗ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನ ಹತ್ತಿರ 1994ರ ಫೋರ್ಡ್ ಎಫ್-150 ಪಿಕಪ್ ಇದೆ. ಅವನು ಬಿಡುವಿದ್ದಾಗೆಲ್ಲ ಅದರ ಕೆಳಗೇ ಇರುತ್ತಾನೆ. ಅವನು ಹೇಳಿದ ಒಂದು ಮಾತು ಆ ದಿನದ ಕೆಲಸವನ್ನೇ ಬದಲಿಸಿತು. "ಪೆಟ್ಟಿಗೆ ಹುಡುಕಬೇಡ ಅಣ್ಣ, ವೈರ್ ಹುಡುಕು. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗೆ ಬಂದ ವೈರ್ ಎಲ್ಲಿಂದ ಬಂದಿದೆ ನೋಡು. ಅದು ತಾನಾಗಿ ಕರ್ಕೊಂಡು ಹೋಗುತ್ತೆ."

ಅವನ ಗಾಡಿಯಲ್ಲಿ ಅರವತ್ತು ಪಿನ್ನಿನ ಒಂದೇ ದೊಡ್ಡ ಕನೆಕ್ಟರ್ ಡ್ರೈವರ್ ಕಡೆಯ ತಗಡು ಗೋಡೆಯ ಹತ್ತಿರ ಎಂಜಿನ್ ಭಾಗದಲ್ಲೇ ಕಾಣುತ್ತಂತೆ. ನಡುವೆ ಒಂದೇ ಬೋಲ್ಟ್, 10 ನಂಬರ್. ಪೆಟ್ಟಿಗೆ ಆ ಗೋಡೆಯ ಇನ್ನೊಂದು ಮಗ್ಗುಲಲ್ಲಿ, ಡ್ರೈವರ್ ಕಾಲಿನ ಪಕ್ಕ. ಅದೇ ಕಾಲದ ಷೆವ್ರೊಲೆ ಪಿಕಪ್‌ಗಳಲ್ಲಾದರೆ ಗ್ಲೋವ್ ಬಾಕ್ಸ್ ಹಿಂದೆ. ಒಂದೇ ದೇಶದ, ಒಂದೇ ಕಾಲದ ಎರಡು ಗಾಡಿಗೇ ಹೀಗೆ ಬೇರೆ ಬೇರೆ ಜಾಗ.

ಇದಕ್ಕೆ ಕಾರಣ ಇದೆ. ಇಂಥ ಎಲೆಕ್ಟ್ರಾನಿಕ್ ಬೋರ್ಡಿಗೆ ಶತ್ರುಗಳು ಮೂರು: ಬಿಸಿ, ನಡುಕ, ನೀರು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಅನ್ನುವ, ಪೆಟ್ರೋಲ್ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದಾಗ ಆ ಪೆಟ್ಟಿಗೆಯನ್ನು ಎಂಜಿನ್‌ಗೆ ತಾಗಿಸದೆ ಬೇರೆ ಕಡೆ ಇಟ್ಟಿದ್ದರು. 1976ರಲ್ಲಿ ಕ್ರೈಸ್ಲರ್ ಇದಕ್ಕೆ ತದ್ವಿರುದ್ಧ ಮಾಡಿತು. ಲೀನ್ ಬರ್ನ್ ಅನ್ನುವ ಅವರ ಕಿಡಿ ಹಾರಿಸುವ ಕಂಪ್ಯೂಟರನ್ನು ಎಂಜಿನ್ ಮೇಲಿನ ಏರ್ ಕ್ಲೀನರ್ ಡಬ್ಬಕ್ಕೇ ಕಟ್ಟಿದ್ದರು. ಅಷ್ಟು ಬಿಸಿ ಜಾಗದಲ್ಲಿ ಬೋರ್ಡ್ ಪಾಡೇನು, ಯೋಚಿಸಿ. ಎಂಬತ್ತು ತೊಂಬತ್ತರ ದಶಕದ ಎಷ್ಟೋ ಕಾರುಗಳಲ್ಲಿ ಪೆಟ್ಟಿಗೆ ಒಳಗೆ, ಜನ ಕೂರುವ ಕಡೆ ಸಿಗುತ್ತೆ. ಸೀಲ್ ಮಾಡಿದ ಕನೆಕ್ಟರ್, ಬಿಸಿ ತಡೆಯುವ ಬೋರ್ಡ್ ಬಂದ ಮೇಲೆ ಅದು ಮತ್ತೆ ಬಾನೆಟ್ ಕೆಳಗೆ ಬಂತು. ಹಾಗಾಗಿ ಹಳೇ ಕಾರಾದರೆ ಮೊದಲು ಒಳಗೆ ಹುಡುಕಿ. ಗ್ಲೋವ್ ಬಾಕ್ಸ್ ಹಿಂದೆ, ಕಾಲಿನ ಪಕ್ಕದ ಪ್ಲಾಸ್ಟಿಕ್ ಹಲಗೆಯ ಹಿಂದೆ, ಕಾರ್ಪೆಟ್ ಕೆಳಗೆ, ಕೆಲವದರಲ್ಲಿ ಸೀಟಿನ ಅಡಿ.

ಮತ್ತೆ ಬಾನೆಟ್ ಎತ್ತಿದೆ. ಈ ಸಲ ಇಂಜೆಕ್ಟರ್‌ನಿಂದ ಶುರು ಮಾಡಿದೆ. ನಾಲ್ಕು ಇಂಜೆಕ್ಟರ್, ನಾಲ್ಕಕ್ಕೂ ಎರಡೆರಡು ವೈರ್. ಅವು ಕರಿ ಪೈಪಿನೊಳಗೆ ಸೇರಿಕೊಳ್ಳುತ್ತವೆ. ದಾರಿಯಲ್ಲಿ ಸೆನ್ಸರ್‌ಗಳ ವೈರ್ ಬಂದು ಕೂಡುತ್ತವೆ. ಹಳ್ಳ ಸೇರಿ ಹೊಳೆ ದಪ್ಪವಾದ ಹಾಗೆ ಕಟ್ಟು ದಪ್ಪವಾಗುತ್ತಾ ಹೋಗುತ್ತೆ. ಕೊನೆಗೆ ಅದು ಎಡಗಡೆಯ ತಗಡು ಗೋಡೆಯಲ್ಲಿ ಒಂದು ದೊಡ್ಡ ರಬ್ಬರ್ ಬುಷ್ ಮೂಲಕ ಒಳಗೆ ಇಳಿದಿತ್ತು. ಎಡಗಡೆ ಅಂದರೆ ದೊಡ್ಡಮ್ಮ ಕೂರುವ ಸೀಟಿನ ಕಡೆ.

ಆ ಬಾಗಿಲು ತೆಗೆದು ಕೆಳಗಿನ ಮ್ಯಾಟ್ ಎತ್ತಿದೆ. ಕಾರ್ಪೆಟ್ ಮೇಲೆ ಕೈ ಇಟ್ಟು ಒತ್ತಿದೆ. ಬೆರಳಿನ ನಡುವೆ ನೀರು ಬಂತು.

ಆ ಕ್ಷಣ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಪಕ್ಕದ ಪ್ಲಾಸ್ಟಿಕ್ ಹಲಗೆಯ ಕ್ಲಿಪ್ ಬಿಡಿಸಿ ಕಾರ್ಪೆಟ್ ಮಡಚಿದೆ. ಹಿಂದೆ, ಮಡಿಸಿದ ದಿನಪತ್ರಿಕೆಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಬದಿಯಲ್ಲಿ ಸಾಲಾಗಿ ಕನೆಕ್ಟರ್‌ಗಳು, ಒಂದೊಂದರಲ್ಲೂ ಬಣ್ಣ ಬಣ್ಣದ ವೈರ್. ಮೇಲೆ ಅಂಟಿಸಿದ ಚೀಟಿಯಲ್ಲಿ 37820 ಅಂತ ಶುರುವಾಗುವ ಉದ್ದ ನಂಬರ್. ಹೋಂಡಾ ಕಾರುಗಳ ಇಸಿಎಂ ನಂಬರ್ ಹೀಗೇ ಶುರುವಾಗೋದು. ಅನುಮಾನವೇ ಉಳಿಯಲಿಲ್ಲ.

ಆ ಚೀಟಿಯ ಫೋಟೋ ತೆಗೆದುಕೊಂಡೆ. ಇದನ್ನು ಯಾರೂ ಮರೆಯಬಾರದು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಇನ್ನೆಲ್ಲೋ ಹಳೇ ಪೆಟ್ಟಿಗೆ ಹುಡುಕುವುದಾದರೆ ಕಾರಿನ ಹೆಸರು ಸಾಲದು. ಪೂರ್ತಿ ನಂಬರ್, ಕೊನೆಯ ಅಕ್ಷರಗಳ ಸಮೇತ ಹೊಂದಬೇಕು. ನೋಡೋಕೆ ಒಂದೇ ಥರ ಇದ್ದರೂ ಆಟೋಮ್ಯಾಟಿಕ್ ಗೇರಿನದ್ದು ಬೇರೆ, ಮ್ಯಾನ್ಯುಯಲ್‌ದು ಬೇರೆ. ಕೀಯಲ್ಲಿ ಚಿಪ್ ಇರುವ ಗಾಡಿಯಾದರೆ ಕೀಗೂ ಪೆಟ್ಟಿಗೆಗೂ ಹೊಂದಿಸಬೇಕು. ಇಲ್ಲದಿದ್ದರೆ ಚೆನ್ನಾಗಿರುವ ಪೆಟ್ಟಿಗೆ ಹಾಕಿದರೂ ಗಾಡಿ ಸ್ಟಾರ್ಟ್ ಆಗಲ್ಲ.

ಪೆಟ್ಟಿಗೆ ಸಿಕ್ಕಿತು, ಆದರೆ ಬಿಚ್ಚಲು ಅವಸರ ಮಾಡಲಿಲ್ಲ. ಮೊದಲು ಅರ್ಥಿಂಗ್. ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಹತ್ತಿರ ಒಂದು ಬೋಲ್ಟಿಗೆ ಅರ್ಥಿಂಗ್ ವೈರ್ ಬಿಗಿದಿತ್ತು. ಅದನ್ನು ತಲುಪಲು ಪಕ್ಕದ ಸೆನ್ಸರ್‌ನ ಪ್ಲಗ್ ಕಿತ್ತು ಸರಿಸಿದೆ. ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ. ಕೀ ಆನ್. ಹಳದಿ ದೀಪ ಇಲ್ಲ.

ಆಮೇಲೆ ಫ್ಯೂಸ್‌ಗಳು. ಬರೀ ಕಣ್ಣಲ್ಲಿ ನೋಡದೆ ಒಂದೊಂದರ ಎರಡೂ ಬದಿ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡಿದೆ. ಎಲ್ಲ ಸರಿ. ಇಸಿಎಂಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಮೇನ್ ರಿಲೇ ಕೂಡ ಬಿಚ್ಚಿ ನೋಡಿದೆ. ಹಳೇ ಕಾರುಗಳಲ್ಲಿ ಈ ರಿಲೇ ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡೋದುಂಟು. ಬಿಸಿಲಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಆಗುತ್ತಿದ್ದರೆ ಮೊದಲು ಅದನ್ನೇ ನೋಡಬೇಕು. ಇಲ್ಲಿ ಬೆಸುಗೆ ಚೆನ್ನಾಗಿತ್ತು.

ಉಳಿದದ್ದು ಪೆಟ್ಟಿಗೆಯ ಬಾಗಿಲು. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕನೆಕ್ಟರ್‌ಗಳ ಲಾಕ್ ಒತ್ತಿ ಒಂದೊಂದಾಗಿ ಎಳೆದೆ. ವೈರ್ ಹಿಡಿದು ಎಳೆಯಬಾರದು, ಪ್ಲಾಸ್ಟಿಕ್ ಹಿಡಿದೇ ಎಳೆಯಬೇಕು. ಆಮೇಲೆ ಬ್ಯಾಟರಿ ಮತ್ತೆ ಜೋಡಿಸಿ, ಕೀ ಆನ್ ಮಾಡಿ, ವೈರ್ ಕಡೆಯ ಸಪ್ಲೈ ಪಿನ್‌ಗೆ ಟೆಸ್ಟ್ ಲ್ಯಾಂಪ್ ಇಟ್ಟೆ. ಚೆನ್ನಾಗಿ ಉರಿಯಿತು. ಅರ್ಥಿಂಗ್ ಪಿನ್‌ಗೂ ಬ್ಯಾಟರಿ ಪ್ಲಸ್‌ಗೂ ಇಟ್ಟೆ. ಅದೂ ಉರಿಯಿತು. ಇಲ್ಲಿ ಮೀಟರ್ ಸಾಲದು. ಒಳಗೆ ಒಂದೇ ಎಳೆ ಉಳಿದ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತೆ. ಬಲ್ಬ್ ಉರಿಸುವಷ್ಟು ಕರೆಂಟ್ ಅಂಥ ವೈರ್‌ನಲ್ಲಿ ಹರಿಯಲ್ಲ. ಆದರೆ ಸೆನ್ಸರ್ ಪಿನ್‌ಗಳಿಗೆ ಮಾತ್ರ ಬಲ್ಬ್ ಮುಟ್ಟಿಸಬೇಡಿ, ಅಲ್ಲಿ ಮೀಟರೇ ಸರಿ.

ವೈರ್‌ವರೆಗೆ ಕರೆಂಟ್ ಇದೆ, ಅರ್ಥಿಂಗ್ ಇದೆ, ಪೆಟ್ಟಿಗೆ ಏಳುತ್ತಿಲ್ಲ. ಹಾಗಾದರೆ ಪೆಟ್ಟಿಗೆ ಹೋಗಿದೆ ಅಂತ ಹೇಳಬಹುದಾ? ಇನ್ನೂ ಇಲ್ಲ. ವೈರ್‌ಗೂ ಪೆಟ್ಟಿಗೆಗೂ ನಡುವೆ ಪಿನ್ನು ಪಿನ್ನಿನ ಮೈ ತಾಗುವ ಒಂದು ಜಾಗ ಇದೆ. ಕನೆಕ್ಟರ್ ಬಾಯಿಗೆ ಟಾರ್ಚ್ ಬಿಟ್ಟೆ. ಪಿನ್‌ಗಳೆಲ್ಲ ಹೊಳೆಯುತ್ತಿದ್ದವು, ಕೆಳಗಿನ ತುದಿಯ ಮೂರನ್ನು ಬಿಟ್ಟು. ಆ ಮೂರಕ್ಕೆ ಹಸಿರು ಕಿಲುಬು ಹತ್ತಿತ್ತು, ಹುಣಸೆಹಣ್ಣು ಹಾಕಿ ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಹಾಗೆ. ಅದರಲ್ಲಿ ಎರಡು ಅರ್ಥಿಂಗ್ ಪಿನ್, ಒಂದು ಸಪ್ಲೈ.

ದೊಡ್ಡಪ್ಪನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇಷ್ಟೇ ಇಷ್ಟು ಕಿಲುಬಿಗೆ ಇಡೀ ಗಾಡಿ ನಿಂತಿತ್ತಾ?" ಅಂದರು.

ಪೆಟ್ಟಿಗೆಯ 10 ನಂಬರ್ ಬೋಲ್ಟ್ ಬಿಚ್ಚಿ ಮನೆಯೊಳಗೆ ತಂದೆ. ಮುಚ್ಚಳದ ಸ್ಕ್ರೂ ತೆಗೆದು ನೋಡಿದರೆ ಬೋರ್ಡ್‌ನ ಒಂದು ಮೂಲೆಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಸುಟ್ಟ ವಾಸನೆ ಇಲ್ಲ, ಕಪ್ಪಾದ ಜಾಗ ಇಲ್ಲ, ಉಬ್ಬಿದ ಕೆಪಾಸಿಟರ್ ಇಲ್ಲ. ಸಾಗರ ಪೇಟೆಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದ ಬಾಟಲಿ ತಂದೆ. ಮೊಬೈಲ್ ಬೋರ್ಡ್ ತೊಳೆಯಲು ಅವರು ಬಳಸುವುದು ಅದನ್ನೇ. ಮೆತ್ತನೆ ಟೂತ್‌ಬ್ರಶ್ ಅದ್ದಿ ಮೂಲೆಯ ಪುಡಿ ತೆಗೆದೆ. ಪಿನ್‌ಗಳನ್ನು ಒಂದೊಂದಾಗಿ ಉಜ್ಜಿದೆ. ಕನೆಕ್ಟರ್ ಒಳಗಿನ ಕಿಂಡಿಗಳಿಗೆ ಇಯರ್‌ಬಡ್ ಹೋಗಲಿಲ್ಲ, ಬೆಂಕಿಕಡ್ಡಿ ತುದಿಗೆ ಬಟ್ಟೆ ಸುತ್ತಿದರೂ ಹೋಗಲಿಲ್ಲ. ಕೊನೆಗೆ ದ್ರಾವಣ ಬಿಟ್ಟು, ಕನೆಕ್ಟರನ್ನು ಪೆಟ್ಟಿಗೆಗೆ ಹತ್ತು ಹನ್ನೆರಡು ಸಲ ಹಾಕಿ ತೆಗೆದು ಮಾಡಿದೆ. ಪ್ರತಿ ಸಲ ತೆಗೆದಾಗಲೂ ಪಿನ್ ಮೇಲೆ ಹಸಿರು ಬರುತ್ತಿತ್ತು, ಒರೆಸುತ್ತಿದ್ದೆ. ಒಂಬತ್ತನೇ ಸಲಕ್ಕೆ ಬಟ್ಟೆ ಬಿಳಿಯಾಗೇ ಉಳಿಯಿತು.

ದೊಡ್ಡಮ್ಮ ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿಡು, ಬೆಳಿಗ್ಗೆಗೆ ಗರಿಗರಿ ಒಣಗಿರುತ್ತೆ ಅಂದರು. ಕೊಬ್ಬರಿಗೆ ಅದು ಸರಿ, ಇದಕ್ಕೆ ಆ ಹೊಗೆ, ಆ ಬಿಸಿ ಬೇಡ ದೊಡ್ಡಮ್ಮ ಅಂದೆ. ಊಟದ ಮೇಜಿನ ಮೇಲೆ ಟೇಬಲ್ ಫ್ಯಾನ್ ಮುಂದೆ ರಾತ್ರಿಯಿಡೀ ಇಟ್ಟೆವು. ನಡುವೆ ಎರಡು ಸಲ ಕರೆಂಟ್ ಹೋಯಿತು.

ಅಷ್ಟು ನೀರು ಬಂದದ್ದಾದರೂ ಎಲ್ಲಿಂದ? ಭಾನುವಾರ ಬೆಳಿಗ್ಗೆ ಅದನ್ನು ಹುಡುಕಿದೆ. ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ಕಡೆ ಒಂದು ಜಾಲರಿ ಇರುತ್ತಲ್ಲ, ಅದರ ಕೆಳಗೆ ಮಳೆನೀರು ಹರಿದು ಹೋಗುವ ಕಾಲುವೆ ಇದೆ. ಒಳಗಿನ ಫ್ಯಾನ್ ಹೊರಗಿನ ಗಾಳಿ ಎಳೆದುಕೊಳ್ಳುವ ಕಿಂಡಿಯೂ ಅಲ್ಲೇ, ಎಡಗಡೆಗೆ. ಜಾಲರಿ ಎತ್ತಿದರೆ ಕಾಲುವೆ ತುಂಬ ಕೊಳೆತ ಹಲಸಿನ ಎಲೆ, ಮಣ್ಣು. ಎರಡು ಬೊಗಸೆ ತೆಗೆದೆ. ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಅದು ಗಾಳಿಯ ಕಿಂಡಿಯಿಂದ ಒಳಗೆ ಇಳಿದು ಕಾರ್ಪೆಟ್‌ಗೆ, ಅಲ್ಲಿಂದ ಪೆಟ್ಟಿಗೆಯ ಬುಡಕ್ಕೆ. ಮಗ್‌ನಲ್ಲಿ ನೀರು ಹೊಯ್ದು ನೋಡಿದೆ. ಈಗ ಚಕ್ರದ ಹಿಂದಿನಿಂದ ಸರಾಗವಾಗಿ ಇಳಿಯಿತು. ಇದನ್ನು ಸರಿ ಮಾಡದೆ ಹೊಸ ಇಸಿಎಂ ಹಾಕಿದ್ದರೆ ಹದಿನೆಂಟು ಸಾವಿರದ ಆ ಪೆಟ್ಟಿಗೆಗೂ ಬರುವ ಮಳೆಗಾಲದಲ್ಲಿ ಇದೇ ಗತಿ.

ಪೆಟ್ಟಿಗೆ ಜೋಡಿಸಿದೆ. ಬ್ಯಾಟರಿ ಹಾಕಿದೆ. ದೊಡ್ಡಪ್ಪ ತಾವೇ ಕೀ ತಿರುಗಿಸುತ್ತೇನೆ ಅಂದರು. ಹಳದಿ ದೀಪ ಬಂತು, ಹಿಂದಿನಿಂದ 'ಝುಂ' ಅಂತು. ಸೆಲ್ಫ್ ಹೊಡೆದರು. ಎರಡೇ ಸುತ್ತಿನಲ್ಲಿ ಎಂಜಿನ್ ಹಿಡಿಯಿತು. ಒಳಗಿದ್ದ ದೊಡ್ಡಮ್ಮನಿಗೆ ಕೇಳಲಿ ಅಂತ ದೊಡ್ಡಪ್ಪ ಹಾರ್ನ್ ಹೊಡೆದರು.

ಆದರೆ ಹಳದಿ ದೀಪ ಆರಲಿಲ್ಲ. ಆಫ್ ಮಾಡಿಸಿದೆ. ಆ ಕಾಲದ ಹೋಂಡಾಗಳಲ್ಲಿ ಎರಡು ಪಿನ್ನಿನ ಒಂದು ಸಣ್ಣ ಸರ್ವಿಸ್ ಕನೆಕ್ಟರ್ ಇರುತ್ತೆ. ಅದರ ಎರಡೂ ಪಿನ್‌ಗೆ ಒಂದು ತುಂಡು ವೈರ್ ಹಾಕಿ ಕೀ ಆನ್ ಮಾಡಿದರೆ ದೀಪವೇ ಮಿಣುಕಿ ಲೆಕ್ಕ ಹೇಳುತ್ತೆ. ಉದ್ದ ಮಿಣುಕು ಒಂದಕ್ಕೆ ಹತ್ತು, ಗಿಡ್ಡ ಮಿಣುಕು ಒಂದಕ್ಕೆ ಒಂದು. ದೊಡ್ಡಪ್ಪ ಗಟ್ಟಿಯಾಗಿ ಎಣಿಸಿದರು. ಆರು ಗಿಡ್ಡ, ಸ್ವಲ್ಪ ಬಿಡುವು, ಮತ್ತೆ ಆರು ಗಿಡ್ಡ. 6 ಅಂದರೆ ಕೂಲಂಟ್ ಬಿಸಿ ಅಳೆಯುವ ಸೆನ್ಸರ್. ನಿನ್ನೆ ಅರ್ಥಿಂಗ್ ಬೋಲ್ಟ್ ಬಿಚ್ಚುವಾಗ ಕಿತ್ತಿದ್ದ ಪ್ಲಗ್ ಅದು, ವಾಪಸ್ ಹಾಕಿರಲಿಲ್ಲ. ಹಾಕಿದೆ. ಬ್ಯಾಕಪ್ ಫ್ಯೂಸ್ ಸ್ವಲ್ಪ ಹೊತ್ತು ತೆಗೆದಿಟ್ಟು ಇಸಿಎಂನ ನೆನಪು ಅಳಿಸಿದೆ. ದೀಪ ಆರಿತು. ಸತ್ತಿದೆ ಅಂತ ತೀರ್ಪಾಗಿದ್ದ ಪೆಟ್ಟಿಗೆ, ಎಂಜಿನ್‌ನಲ್ಲಿ ಯಾವ ಪ್ಲಗ್ ಕಳಚಿದೆ ಅಂತ ಲೆಕ್ಕ ಹಾಕಿ ಹೇಳಿತ್ತು. ನನಗೆ ನಿಜವಾಗಲೂ ಖುಷಿಯಾಯಿತು.

ಒಟ್ಟು ಖರ್ಚು ಐಪಿಎ ಬಾಟಲಿ ಮತ್ತು ಬಸ್ ಚಾರ್ಜು. ಕಾರ್ಪೆಟ್ ಮಾತ್ರ ಕೊಟ್ಟಿಗೆಯ ಗಳದ ಮೇಲೆ ಹನ್ನೊಂದು ದಿನ ನೇತಾಡಿತಂತೆ.

ಸುದ್ದಿ ಊರಲ್ಲಿ ಹಬ್ಬಿತು. ಮುಂದಿನ ವಾರ ಹೋದಾಗ ಪಕ್ಕದ ಮನೆಯ ಲಾರಿ ಮಾಲೀಕರು ಕಾದಿದ್ದರು. "ನಮ್ಮ ಲಾರಿ ಇಸಿಎಂ ಎಲ್ಲಿದೆ ತೋರಿಸಿ, ಈ ಮಳೇಲಿ ಪ್ಲಾಸ್ಟಿಕ್ ಆದ್ರೂ ಸುತ್ತೋಣ" ಅಂದರು. ಅವರದು 1996ರ ಟಾಟಾ. ಎಂಜಿನ್ ಪಕ್ಕದಲ್ಲಿ ಡೀಸೆಲ್ ಪಂಪ್, ಅದರ ಮೇಲೆ ಸವೆದ ಮೈಕೋ ತಗಡು. ಬೆಂಗಳೂರಿನ ಆಡುಗೋಡಿಯ ಆ ಮೈಕೋನೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡದ್ದು. ಎಷ್ಟು ಡೀಸೆಲ್ ಹೋಗಬೇಕು ಅನ್ನೋದನ್ನು ಈ ಪಂಪಿನೊಳಗಿನ ಗವರ್ನರ್‌ನ ತೂಕ ಮತ್ತು ಸ್ಪ್ರಿಂಗ್ ಸೇರಿ ನೋಡಿಕೊಳ್ಳುತ್ತವೆ. ಇದರಲ್ಲಿ ಇಸಿಎಂ ಇಲ್ಲವೇ ಇಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಪಂಪಿನ ಸುತ್ತ ಕೈ ಹಿಡಿದು ತೋರಿಸಿದೆ. ಆಕ್ಸಿಲರೇಟರ್‌ನಿಂದ ಬಂದದ್ದು ಬರೀ ಕಬ್ಬಿಣದ ಕಡ್ಡಿ, ವೈರ್ ಅಲ್ಲ.

ಅವರ ಮಗನ ಲಾರಿ ಬೇರೆ. ಅದರಲ್ಲಿ ಕಮ್ಮಿನ್ಸ್‌ನ ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲನ್ನು ಕಂಪ್ಯೂಟರೇ ಅಳೆಯುವಂಥದ್ದು. ಅಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಪೆಟ್ಟಿಗೆಯನ್ನು ಎಂಜಿನ್ ಮೈಗೇ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಕನೆಕ್ಟರ್‌ಗಳಿಗೆ ರಬ್ಬರ್ ಸೀಲ್ ಇದೆ. ಆ ಲಾರಿಯ ಹಿಂದಿನ ಅಡ್ಡಪಟ್ಟಿ ಒಡೆದು ವೆಲ್ಡಿಂಗ್‌ನವನು ಅವತ್ತೇ ಬಂದಿದ್ದ, ಹೋಲ್ಡರ್‌ಗೆ ರಾಡ್ ಕಚ್ಚಿಸಿ ನಿಂತಿದ್ದ. ಒಂದು ನಿಮಿಷ ತಡೀರಿ ಅಂದೆ. ಚಾಸಿಗೆ ವೆಲ್ಡಿಂಗ್ ಹೊಡೆಯುವಾಗ ಆ ಕರೆಂಟ್ ಅರ್ಥಿಂಗ್ ದಾರಿ ಹಿಡಿದು ಇಸಿಎಂ ಒಳಗೆ ಹೋಗಬಹುದು. ಬ್ಯಾಟರಿಯ ಕೇಬಲ್ ತೆಗೆಸಿದೆ. ಇಸಿಎಂನ ಪ್ಲಗ್‌ಗಳನ್ನು ಕಿತ್ತು, ಮಳೆ ಹನಿ ಬೀಳದ ಹಾಗೆ ಹಾಲಿನ ಪ್ಯಾಕೆಟ್ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದೆ. ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ಕ್ಯಾಬಿನ್ ಹತ್ತಿರ ಬೇಡ, ಒಡೆದ ಜಾಗದ ಪಕ್ಕದಲ್ಲೇ ಹಾಕಿ ಅಂದೆ. ಆತ ಕ್ಲಾಂಪ್ ಸರಿಸಿ, ಪಟ್ಟಿ ಉಜ್ಜಿ, ಕನ್ನಡಕ ಇಳಿಸಿ ಕೆಲಸ ಶುರು ಮಾಡಿದ.